ಹಳೇ 540 ಜೀಪಿನ ಸ್ಟೇರಿಂಗ್ ನಡುಗುತ್ತೆ. ಪವರ್ ಸ್ಟೇರಿಂಗ್ ಹಾಕಿಸಿದರೆ ಸರಿಹೋಗುತ್ತಾ?

31 ಇಂಚಿನ ಟೈರು, ವೇಗ ಐವತ್ತು ದಾಟಿದರೆ ನಡುಕ, ಅದಕ್ಕೆ ಪವರ್ ಸ್ಟೇರಿಂಗ್, ದಪ್ಪ ಟೈ ರಾಡ್ (ಮುಂದಿನ ಎರಡು ಚಕ್ರ ಜೋಡಿಸುವ ಕಂಬಿ), ಮೇಲೊಂದು ಡ್ಯಾಂಪರ್ (ಸ್ಟೇರಿಂಗಿನ ಅಲುಗಾಟ ತಡೆಯುವ ಶಾಕ್ ಅಬ್ಸಾರ್ಬರ್). ನಿಮ್ಮ ಪಟ್ಟಿ ಓದಿದರೆ ನನ್ನದೇ ಹಳೇ ಬಿಲ್ಲು ಓದಿದ ಹಾಗಾಯಿತು. ನೀವು ಮೂಡಿಗೆರೆ, ನಾನು ಸಕಲೇಶಪುರದ ಹಾನುಬಾಳು ಕಡೆ. ಅಷ್ಟೇ ವ್ಯತ್ಯಾಸ.

ನನ್ನದು ಅಪ್ಪ ತಂದಿದ್ದ ಮಹೀಂದ್ರ ಎಂಎಂ 540 ಜೀಪು. ಕಾಫಿ ಚೀಲ, ಗೊಬ್ಬರ, ಪಂಪ್‌ಸೆಟ್ಟು, ಒಮ್ಮೆ ಮದುವೆ ದಿಬ್ಬಣ, ಎಲ್ಲಾ ಹೊತ್ತ ಗಾಡಿ. ಅಪ್ಪ ಇರುವಷ್ಟು ದಿನ ಅದಕ್ಕೆ 6.00-16 ಸೈಜಿನ ಸಣಕಲು ಟೈರು. ಅದರಲ್ಲೇ ಮಳೆಗಾಲ ಪೂರ್ತಿ ತೋಟ ಹತ್ತಿ ಇಳಿಯುತ್ತಿದ್ದರು. ಗಾಡಿ ನನ್ನ ಕೈಗೆ ಬಂದಾಗ ನನಗೆ ಆಫ್‌ರೋಡ್ ಹುಚ್ಚು. 15 ಇಂಚಿನ ಅಗಲದ ರಿಮ್ ಹಾಕಿಸಿ 31x10.5 ಟೈರು ಏರಿಸಿದೆ. ಆರು ಇಂಚು ಅಗಲ ಇದ್ದದ್ದು ಹತ್ತೂವರೆ ಆಯಿತು. ಚಕ್ರ ಹೊರಕ್ಕೆ ಚಾಚಿಕೊಂಡಿತು. ನೋಡೋಕೆ ಗೂಳಿ ನಿಂತ ಹಾಗೆ. ಆದರೆ ನಿಂತಲ್ಲಿ ಸ್ಟೇರಿಂಗ್ ತಿರುಗಿಸಬೇಕಾದರೆ ಸೀಟಿನಿಂದ ಅರ್ಧ ಏಳಬೇಕಿತ್ತು. ಕಲ್ಲಿಗೆ ಚಕ್ರ ತಗುಲಿದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ತಿರುಗುತ್ತಿತ್ತು. (ಹೆಬ್ಬೆರಳು ಯಾವತ್ತೂ ಸ್ಟೇರಿಂಗಿನ ಒಳಗೆ ಹಾಕಿ ಹಿಡಿಯಬೇಡಿ. ಇದನ್ನು ಅಪ್ಪ ಹೇಳಿದ್ದರು, ಅದೊಂದನ್ನು ಕೇಳಿದ್ದೆ.) ಜೊತೆಗೆ ಟಾರು ರಸ್ತೆಯಲ್ಲಿ ಅದೇ ನಿಮ್ಮ ನಡುಕ.

ಹಾಸನದ ಒಂದು ವರ್ಕ್‌ಶಾಪಿನಲ್ಲಿ ಪವರ್ ಸ್ಟೇರಿಂಗ್ ಹಾಕಿಸಿದೆ. ಹೆಸರು ಬೇಡ. ಬೇರೆ ಗಾಡಿಯ ಸ್ಕ್ರಾಪ್ ಸ್ಟೇರಿಂಗ್ ಬಾಕ್ಸು, ಪಂಪು, ಪಂಪಿಗೆ ಬ್ರ್ಯಾಕೆಟ್ಟು, ವೆಲ್ಡಿಂಗ್, ಎಲ್ಲಾ ಸೇರಿ 42 ಸಾವಿರ. ಎರಡು ತಿಂಗಳು ಸ್ವರ್ಗ. ಒಂದೇ ಕೈಯಲ್ಲಿ ತಿರುಗುತ್ತಿತ್ತು. ನಡುಕ ಪೂರ್ತಿ ಹೋಗಲಿಲ್ಲ, ಆದರೆ ಕೈಗೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೇ ಇದ್ದದ್ದೇ ತೊಂದರೆ ಅಂತ ಆಗ ಹೊಳೆಯಲಿಲ್ಲ.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾದರೂ ಓದಿ.

ಸ್ಟೇರಿಂಗ್ ಬಾಕ್ಸಿನಿಂದ ಕೆಳಗೆ ಇಳಿಯುವ ಆರ್ಮ್ ಇದೆಯಲ್ಲ, ಪಿಟ್‌ಮನ್ ಆರ್ಮ್, ಅದರ ತುದಿಯ ತೂತಿಗೆ ಡ್ರ್ಯಾಗ್ ಲಿಂಕಿನ (ಆರ್ಮಿನಿಂದ ಚಕ್ರದ ಕಡೆಗೆ ಹೋಗುವ ಕಂಬಿ) ಬಾಲ್ ಜಾಯಿಂಟ್ ಕೂರುತ್ತದೆ. ಆ ಜಾಯಿಂಟಿನ ಕಡ್ಡಿ ನೇರ ಇರುವುದಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ತೂತೂ ಹಾಗೇ. ಪಿಕಾಸಿಗೆ ಕಾವು ಹಾಕುವುದನ್ನು ನೋಡಿದ್ದೀರಲ್ಲ? ಕಾವಿನ ದಪ್ಪ ತುದಿಗೆ ಪಿಕಾಸಿ ಬಿಗಿದು ಕೂರುತ್ತದೆ. ಹೊಡೆದಷ್ಟೂ ಇನ್ನೂ ಬಿಗಿ. ಇಲ್ಲೂ ಅದೇ ಲೆಕ್ಕ. ಜಾಯಿಂಟನ್ನು ಹಿಡಿದು ನಿಲ್ಲಿಸುವುದು ಆ ಇಳಿಜಾರಿನ ಬಿಗಿ. ನಟ್ಟಿನ ಕೆಲಸ ಅದನ್ನು ಎಳೆದು ಕೂರಿಸುವುದು, ಮತ್ತೆ ಬಿಚ್ಚಿಕೊಳ್ಳದ ಹಾಗೆ ಕಾಯುವುದು. ನಟ್ಟು ಕಳಚದ ಹಾಗೆ ಕಾಯಲು ಸ್ಪ್ಲಿಟ್ ಪಿನ್ನು.

ನನ್ನ ಗಾಡಿಗೆ ಹಾಕಿದ ಬಾಕ್ಸು ಬೇರೆ ಗಾಡಿಯದು. ಆರ್ಮ್ ಅದರದೇ, ಡ್ರ್ಯಾಗ್ ಲಿಂಕ್ ಮಾತ್ರ ನನ್ನ ಜೀಪಿನದು. ತೂತು ಒಂದು ಕೂದಲು ದೊಡ್ಡದಿತ್ತು, ಇಳಿಜಾರೂ ಬೇರೆ. ಕಡ್ಡಿ ಜಾಸ್ತಿ ಒಳಗೆ ಹೋಯಿತು. ನಟ್ಟು ತಿರುಗಿಸಿದರೆ ಥ್ರೆಡ್ ಮುಗಿಯಿತು, ಬಿಗಿ ಬರಲಿಲ್ಲ. ಹುಡುಗ ಒಂದು ದಪ್ಪ ವಾಷರ್ ಹಾಕಿ ಮತ್ತೆ ಬಿಗಿದ. ‘ಟೈಟ್ ಆಯ್ತು ಸರ್, ಪಿನ್ನೂ ಹಾಕಿದೀನಿ’ ಅಂದ. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ಹೂಂ ಅಂದೆ.

ಆಗಿದ್ದು ಇಷ್ಟೇ. ನಟ್ಟು ಟೈಟು, ಜಾಯಿಂಟು ಲೂಸು. ಕಡ್ಡಿ ತೂತಿನ ಪೂರ್ತಿ ಉದ್ದಕ್ಕೆ ಅಂಟಿಕೊಳ್ಳುವ ಬದಲು ಒಂದು ಅಂಚಿನಲ್ಲಿ ಮಾತ್ರ ಉಂಗುರದ ಹಾಗೆ ತಗುಲಿಕೊಂಡಿತ್ತು. ಪ್ರತಿ ಕಲ್ಲಿಗೂ ಅದೇ ಅಂಚಿನಲ್ಲಿ ಬಗ್ಗಬೇಕು. ಮೇಲಿನಿಂದ ಪವರ್ ಸ್ಟೇರಿಂಗ್ ಬೇರೆ ತಳ್ಳುತ್ತದೆ, ಹಿಂದೆ ನನ್ನ ತೋಳು ಸೋಲುತ್ತಿದ್ದ ಜಾಗದಲ್ಲಿ ಪಂಪು ಸೋಲುವುದಿಲ್ಲ. ನಾನು ವಾರಕ್ಕೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಿದ್ದೆ, ಪಿನ್ ಇದೆಯಾ ಅಂತ. ಇತ್ತು. ಪಿನ್ನಿಗೇನು ಗೊತ್ತು ಕಡ್ಡಿ ಕೂತಿದೆಯೋ ಇಲ್ಲವೋ.

ಡಿಸೆಂಬರ್, ಅರೇಬಿಕಾ ಕೊಯ್ಲು. ಹಿಂದೆ ಹಣ್ಣಿನ ಚೀಲ, ಚೀಲದ ಮೇಲೆ ಇಬ್ಬರು. ಕೆರೆ ಏರಿ ಹತ್ತಿರದ ಎಡ ತಿರುವು, ವೇಗ ಹದಿನೈದೂ ಇಲ್ಲ. ಕಟಕ್ ಅಂತ ಸದ್ದಾಯಿತು. ಸ್ಟೇರಿಂಗ್ ಸುಮ್ನೆ ತಿರುಗುತ್ತಿದೆ, ಗಾಡಿ ನೇರ ಕೆರೆ ಕಡೆ. ಬ್ರೇಕ್ ಒತ್ತುವಷ್ಟರಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಗುದ್ದಿ ನಿಂತಿತು. ಹಿಂದಿದ್ದವರು ಹಾರಿಕೊಂಡರು, ಒಬ್ಬನಿಗೆ ಕಾಲು ಉಳುಕಿತು. ನನಗೆ ಪಕ್ಕೆಲುಬಿನಲ್ಲಿ ಬಿರುಕು. ರೇಡಿಯೇಟರ್ ಹೋಯಿತು, ಮುಂದಿನ ಸ್ಪ್ರಿಂಗಿನ ಮೇನ್ ಪ್ಲೇಟ್ ತುಂಡಾಯಿತು. ಅರವತ್ತು ಸಾವಿರ. ಇದೇ ಚಾರ್ಮಾಡಿ ಘಾಟಿಯಲ್ಲಿ ಆಗಿದ್ದರೆ ನಾನು ನಿಮಗೆ ಉತ್ತರ ಬರೆಯುತ್ತಿರಲಿಲ್ಲ.

ಗಾಡಿ ಎಳೆಸಿಕೊಂಡು ಹೋಗಿದ್ದು ಅಪ್ಪನ ಕಾಲದ ಮೇಸ್ತ್ರಿ ಹತ್ತಿರ. ಜಾಯಿಂಟಿನ ಕಡ್ಡಿ ತುಂಡಾಗಿತ್ತು. ಅವರು ಆರ್ಮಿನ ತೂತು ಬೆಳಕಿಗೆ ಹಿಡಿದು ತೋರಿಸಿದರು. ಒಂದು ಅಂಚು ಕನ್ನಡಿ ಹಾಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ಹಾಗೇ ಕಪ್ಪು. ಆಮೇಲೆ ಮುಂದಿನ ಚಕ್ರ ಜಾಕ್ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಟಕ ಟಕ. ನನ್ನನ್ನು ಬ್ರೇಕ್ ಒತ್ತಿ ಹಿಡಿ ಅಂದರು. ಮತ್ತೂ ಟಕ ಟಕ. ‘ಕಿಂಗ್ ಪಿನ್ ಬೇರಿಂಗ್ ಹೋಗಿ ಎಷ್ಟು ಕಾಲ ಆಯ್ತೋ ಮಾರಾಯ. ಇದಕ್ಕೆ ಪವರ್ ಸ್ಟೇರಿಂಗ್ ಯಾಕೆ ಹಾಕಿಸ್ದೆ?’ ಅಂದರು. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಅಚ್ಚೇ ಕಿಂಗ್ ಪಿನ್. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಪವರ್ ಸ್ಟೇರಿಂಗ್ ಹಾಕಿಸಿದರೆ ಸರಿಹೋಗುತ್ತಾ ಅಂತ ಕೇಳುತ್ತಿದ್ದೀರಿ. ನಡುಕಕ್ಕೂ ಪವರ್ ಸ್ಟೇರಿಂಗಿಗೂ ಸಂಬಂಧವೇ ಇಲ್ಲ. ಮೊದಲು ಎಲ್ಲಿ ಪ್ಲೇ, ಅಂದರೆ ಸಡಿಲ, ಇದೆ ನೋಡಿ. ಚಕ್ರ ನೆಲದ ಮೇಲೇ ಇರಲಿ, ಎಂಜಿನ್ ಆಫ್. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಆ ಕಡೆ ಈ ಕಡೆ ಸ್ವಲ್ಪ ಆಡಿಸಲಿ. ನೀವು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಕೈ ಇಡಿ. ಸವೆದದ್ದು ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಜಾಕ್ ಎತ್ತಿ ಆ ಬ್ರೇಕ್ ಪರೀಕ್ಷೆ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಕಿಂಗ್ ಪಿನ್ ಬೇರಿಂಗ್ ಬದಲಿಸುವಾಗ ಶಿಮ್ (ಸಂದು ತುಂಬುವ ತೆಳು ತಗಡು) ಲೆಕ್ಕ ಹಾಕಿ ಬಿಗಿ ಕೂರಿಸುವವರಿಗೇ ಕೊಡಿ. ಹೊಸ ಬೇರಿಂಗ್ ಲೂಸ್ ಕೂತರೆ ಹಳೆಯದಕ್ಕಿಂತ ಕಡೆ.

ಡ್ಯಾಂಪರ್ ಬೇಡ, ಅದು ನಡುಕವನ್ನು ಮುಚ್ಚಿಡುತ್ತದೆ ಅಷ್ಟೇ. ದಪ್ಪ ಟೈ ರಾಡೂ ಈಗ ಬೇಡ. ಟೈ ರಾಡ್ ಬಗ್ಗಿದ್ದರೆ ಬದಲಿಸಿ. ಸವೆಯುವುದು ರಾಡಲ್ಲ, ಅದರ ತುದಿಯ ಜಾಯಿಂಟು. ಬದಲಿಸಿದ ಮೇಲೆ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ವಾಲಿರುವುದನ್ನು, ಅಳತೆ ಮಾಡಿಸಿ. ಎರಡು ಟೈರಿನ ನಡುವೆ ಹಿಂದಿಗಿಂತ ಮುಂದೆ ಒಂದೆರಡು ಮಿ.ಮೀ. ಕಮ್ಮಿ ಇದ್ದರೆ ಸಾಕು.

ಇನ್ನು ಆ ಟೈರು. ಬೈದುಕೊಳ್ಳಿ, ಪರವಾಗಿಲ್ಲ, ತೆಗೆದುಬಿಡಿ. ನಾನು ಈಗ 215/75 ಆರ್15ಕ್ಕೆ ಬಂದಿದ್ದೇನೆ, ಎತ್ತರ 28 ಇಂಚಿಗೆ ಸ್ವಲ್ಪ ಕಮ್ಮಿ. ಕೆಸರಲ್ಲಿ ಕೆಲವು ಕಡೆ ಸಿಕ್ಕಿಕೊಳ್ಳುತ್ತೇನೆ, ಟ್ರ್ಯಾಕ್ಟರ್ ಕರೆಸುತ್ತೇನೆ. ಸ್ಟೇರಿಂಗ್ ಹಗುರ ಇದೆ. ಇನ್ನೊಂದು, ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಇನ್ಶೂರೆನ್ಸಿಗೆ ನಾನು ಅರ್ಜಿ ಹಾಕಲೇ ಇಲ್ಲ, ಯಾಕೆ ಅಂತ ನಿಮಗೆ ಅರ್ಥವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ತೋಳು ನೋಯುತ್ತದೆ, ಪವರ್ ಸ್ಟೇರಿಂಗ್ ಬೇಕೇ ಬೇಕು ಅಂದರೆ ಹಾಕಿಸಿ. ಬಾಕ್ಸ್ ಕೂರುವ ಜಾಗದಲ್ಲಿ ಚಾಸಿ ತೊಳೆದು ಬಿರುಕು ಇದೆಯಾ ನೋಡಿ. ಆರ್ಮ್ ಮತ್ತು ಜಾಯಿಂಟನ್ನು ಬಿಗಿಯುವ ಮೊದಲು ಕಡ್ಡಿಗೆ ಮಾರ್ಕರ್ ಇಂಕ್ ಬಳಿದು ತೂತಿಗೆ ಹಾಕಿ ಒಂದು ಸುತ್ತು ತಿರುಗಿಸಿ ತೆಗೆಯಿರಿ. ಇಂಕು ಪೂರ್ತಿ ಉದ್ದಕ್ಕೆ ಒರೆಸಿ ಹೋಗಿದ್ದರೆ ಸರಿ. ಒಂದೇ ಗೆರೆಯಲ್ಲಿ ಹೋಗಿದ್ದರೆ ಆ ಜೋಡಿ ಬೇಡ. ಮೆಕ್ಯಾನಿಕ್ ವಾಷರ್ ಕೈಗೆ ತೆಗೆದುಕೊಂಡರೆ ಕೆಲಸ ಅಲ್ಲೇ ನಿಲ್ಲಿಸಿ.

ಜಾಕ್ ಎತ್ತಿ ನೋಡಿದ ಮೇಲೆ, ಬ್ರೇಕ್ ಒತ್ತಿದಾಗ ಅಲುಗಾಟ ನಿಂತಿತೋ ಇಲ್ಲವೋ ಇಲ್ಲೇ ಬರೆಯಿರಿ.