ಒಬ್ಬರ ಎಚ್-ಇಂಡೆಕ್ಸ್ 11, ಇನ್ನೊಬ್ಬರದು 34: ಯಾರು ದೊಡ್ಡ ವಿಜ್ಞಾನಿ?

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮಗಳಿಗೆ ಪಿಎಚ್‌ಡಿ ಮಾರ್ಗದರ್ಶಕರನ್ನು ಹುಡುಕುತ್ತಿದ್ದೀರಿ. ಒಂದೇ ವಿಭಾಗದ ಇಬ್ಬರಲ್ಲಿ ಸಸ್ಯ ವರ್ಗೀಕರಣ ಮಾಡುವವರ ಎಚ್-ಇಂಡೆಕ್ಸ್ (ಲೇಖನಗಳಿಗೆ ಬಂದ ಉಲ್ಲೇಖಗಳಿಂದ ಲೆಕ್ಕ ಹಾಕುವ ಅಂಕಿ) ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ 11 ಇದ್ದು, ಸಸ್ಯಸಾರದಿಂದ ಬೆಳ್ಳಿಯ ನ್ಯಾನೊಕಣ ತಯಾರಿಸುವವರದು 34 ಇರುವುದರಿಂದ, ಎರಡನೆಯವರು ಮೂರು ಪಟ್ಟು ದೊಡ್ಡ ವಿಜ್ಞಾನಿಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಶಿವಮೊಗ್ಗದ ಕಾಲೇಜೊಂದರ ಗ್ರಂಥಪಾಲಕನಾಗಿ ಅಧ್ಯಾಪಕರ ಬಡ್ತಿಯ ಕಡತಗಳಿಗೆ ಈ ಅಂಕಿಗಳನ್ನು ಪ್ರತಿವರ್ಷ ತೆಗೆದುಕೊಡುವವನು ನಾನು. ಆ ಅನುಭವದಿಂದ ಹೇಳುತ್ತಿದ್ದೇನೆ.

ಎಚ್-ಇಂಡೆಕ್ಸನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹಾರ್ಹೆ ಹಿರ್ಷ್. ಒಂದು ಲೇಖನವನ್ನು ಇನ್ನೊಂದು ಲೇಖನದ ಆಕರ ಪಟ್ಟಿಯಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಒಬ್ಬರ ಏಳು ಲೇಖನಗಳಿಗೆ ಕ್ರಮವಾಗಿ 410, 22, 9, 6, 5, 3, 1 ಉಲ್ಲೇಖಗಳು ಬಂದಿವೆ ಎಂದುಕೊಳ್ಳಿ. ಕನಿಷ್ಠ ಐದೈದು ಉಲ್ಲೇಖಗಳಿರುವ ಐದು ಲೇಖನಗಳು ಇದ್ದು, ಆರಾರು ಉಲ್ಲೇಖಗಳಿರುವ ಆರು ಇಲ್ಲದಿರುವುದರಿಂದ ಅವರ ಎಚ್-ಇಂಡೆಕ್ಸ್ 5. ಮೊದಲ ಲೇಖನದ 410 ಉಲ್ಲೇಖಗಳು ಐದೇ ಆಗಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ. ಜೀವವಿಜ್ಞಾನಿಗಳ ಅಂಕಿ ಭೌತವಿಜ್ಞಾನಿಗಳ ಅಂಕಿಗಿಂತ ಹೆಚ್ಚಿರುತ್ತದೆ ಎಂಬುದನ್ನು ಹಿರ್ಷ್ ಅವರೇ ಆ ಲೇಖನದಲ್ಲಿ ಗಮನಿಸಿದ್ದರು. ಅಂಕಿಯನ್ನು ಎತ್ತಿಕೊಂಡವರು ಆ ಮಾತನ್ನು ಅಲ್ಲೇ ಬಿಟ್ಟುಬಂದರು.

ಒಂದು ಕ್ಷೇತ್ರದಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ, ಅವರ ಒಂದೊಂದು ಲೇಖನದ ಆಕರ ಪಟ್ಟಿ ಎಷ್ಟು ಉದ್ದ, ಲೇಖನಗಳು ಎಷ್ಟು ಬೇಗ ಹಳತಾಗುತ್ತವೆ ಎಂಬುದರ ಮೇಲೆ ಉಲ್ಲೇಖಗಳ ಸಂಖ್ಯೆ ನಿಂತಿದೆ. ನ್ಯಾನೊಕಣಗಳ ಮೇಲೆ ಬರೆಯುವವರು ಅಸಂಖ್ಯ. ಒಂದು ಕುಲದ ಗಿಡಗಳನ್ನೇ ಬದುಕಿಡೀ ನೋಡಿದವರ ಲೇಖನ ಓದುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ ಇರಬಹುದು. ವರ್ಗೀಕರಣದವರಿಗೆ ಇದರ ಮೇಲೆ ಇನ್ನೊಂದು ಅನ್ಯಾಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪತ್ತೆಯಾದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಉಣುಗಿನ ಶಾಸ್ತ್ರೀಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಆ ಹೆಸರಿಟ್ಟು ಅದನ್ನು ಮೊದಲು ವಿವರಿಸಿದವರು ನ್ಯೂಮನ್, 1897ರಲ್ಲಿ. ಈ ಕಾಯಿಲೆ ಹರಡುವ ಬಗೆಯನ್ನು ಬರೆಯುವವರು ಆ ಹೆಸರನ್ನು ಬಳಸದೆ ಮುಂದೆ ಹೋಗಲಾರರು. ಆದರೂ ನ್ಯೂಮನ್ ಅವರ ಮೂಲ ಬರಹವನ್ನು ಆಕರ ಪಟ್ಟಿಗೆ ಸೇರಿಸುವ ರೂಢಿ ಸಾಮಾನ್ಯವಾಗಿ ಇಲ್ಲ. ಕಂಪ್ಯೂಟರ್ ಎಣಿಸುವುದೋ ಆಕರ ಪಟ್ಟಿಯನ್ನು ಮಾತ್ರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿದ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರದೂ ಇದೇ ಕಥೆ: ಮಳೆಗಾಲದ ಹೊತ್ತಿಗೆ ಮೈಲುತುತ್ತ, ಸುಣ್ಣ ಕಲಸಿ ಮರವೇರುವ ಕೊನೆಗಾರ ಯಾವ ಆಕರ ಪಟ್ಟಿಯನ್ನೂ ಬರೆಯುವುದಿಲ್ಲ.

ಅಂಕಿಯೇ ತಪ್ಪಾಗಿರುವುದೂ ಉಂಟು. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರು ಇನಿಷಿಯಲ್ ಆಗಿ ಕುಗ್ಗುವುದರಿಂದ, ಅದೇ ಇನಿಷಿಯಲ್, ಅದೇ ಹೆಸರಿನವರು ಹತ್ತಾರು ಮಂದಿ ಸಿಗುತ್ತಾರೆ. ಒಮ್ಮೆ ನಾನೇ ಕನ್ನಡಕ ಒರೆಸಿಕೊಂಡು ಒಬ್ಬ ಅಧ್ಯಾಪಕರ ಪಟ್ಟಿಯನ್ನು ಸಾಲುಸಾಲಾಗಿ ನೋಡುವಾಗ, ಕಪ್ಪೆಗಳ ಮೇಲೆ ಬರೆಯುವವರ ಹೆಸರಿನಲ್ಲಿ ಸಿಮೆಂಟಿನ ಗಟ್ಟಿತನದ ಲೇಖನ ಕಂಡಿತು. ಅಂಥ 14 ಲೇಖನಗಳನ್ನು ತೆಗೆದ ಮೇಲೆ ಅವರ ಎಚ್-ಇಂಡೆಕ್ಸ್ 13ರಿಂದ 9ಕ್ಕೆ ಇಳಿಯಿತು. ಅವರು ಒಂದು ವಾರ ನನ್ನೊಡನೆ ಮಾತನಾಡಲಿಲ್ಲ.

ಹಾಗಾಗಿ 11ನ್ನು 34ರ ಪಕ್ಕದಲ್ಲಿ ಇಡಬೇಡಿ. ಹೆಚ್ಚುಕಡಿಮೆ ಅಷ್ಟೇ ವರ್ಷ ಸಂಶೋಧನೆ ಮಾಡಿರುವ ಇತರ ವರ್ಗೀಕರಣ ತಜ್ಞರ ಅಂಕಿಗಳ ಪಕ್ಕದಲ್ಲಿಡಿ. ಸ್ಕೋಪಸ್ ಎಂಬ ಉಲ್ಲೇಖಗಳ ದತ್ತಸಂಚಯವನ್ನು ನೋಡುವ ಅವಕಾಶವಿದ್ದರೆ, ಕ್ಷೇತ್ರಕ್ಕೆ ತಕ್ಕಂತೆ ತೂಗಿದ ಉಲ್ಲೇಖ ಪ್ರಮಾಣ ಅಲ್ಲಿ ಸಿಗುತ್ತದೆ: ಅದೇ ಕ್ಷೇತ್ರದ, ಅದೇ ವರ್ಷದ, ಅದೇ ಬಗೆಯ ಲೇಖನಗಳ ಜಾಗತಿಕ ಸರಾಸರಿ 1 ಆದರೆ, 1.4 ಎಂದರೆ ಸರಾಸರಿಗಿಂತ ಶೇ 40 ಹೆಚ್ಚು. ಲೇಖನಗಳು ಕಡಿಮೆಯಿದ್ದಲ್ಲಿ ಒಂದೇ ಜನಪ್ರಿಯ ಲೇಖನ ಈ ಲೆಕ್ಕವನ್ನೂ ಕೆಡಿಸಬಲ್ಲದು.

ಮಗಳ ಮಟ್ಟಿಗೆ ನಾನಾದರೆ ಮೊದಲು ನೋಡುವುದು ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ ಜಾಲತಾಣವನ್ನು. ಅಲ್ಲಿ ಮಾರ್ಗದರ್ಶಕರ ಹೆಸರು ಹಾಕಿ ಹುಡುಕಿದರೆ ಅವರ ಕೈಕೆಳಗೆ ಪಿಎಚ್‌ಡಿ ಮುಗಿಸಿದ ಎಷ್ಟೋ ಜನರ ಪ್ರಬಂಧಗಳು ಸಿಗುತ್ತವೆ. ಆ ವಿದ್ಯಾರ್ಥಿಗಳು ತಮ್ಮ ಕೆಲಸದ ಲೇಖನಗಳಲ್ಲಿ ಮೊದಲ ಲೇಖಕರಾಗಿದ್ದಾರೆಯೇ ಎಂದು ನೋಡಿ. ಸಾಧ್ಯವಾದರೆ ಅವರಲ್ಲಿ ಇಬ್ಬರಿಗೆ ಫೋನ್ ಮಾಡಿ, ಎಷ್ಟು ವರ್ಷ ಹಿಡಿಯಿತು ಎಂದು ಮಗಳೇ ಕೇಳಲಿ.