ನಾಲ್ಕು ಜನ ಗೆಳೆಯರು ದುಡ್ಡು ಹಾಕಿ ಟೆಲಿಸ್ಕೋಪ್ ತಗೋಬೇಕು ಅಂತಿದ್ದೀವಿ, ಪರೀಕ್ಷೆಯೂ ಇದೆ. ಯಾವುದು ಒಳ್ಳೇದು?

ತಲಾ ಮೂರು ಸಾವಿರದಂತೆ 12,000 ರೂಪಾಯಿ, ಮಾರ್ಚ್‌ನಲ್ಲಿ ದ್ವಿತೀಯ ಪಿಯು ಪರೀಕ್ಷೆ, ಬೆಂಗಳೂರಿನ ತಾರಸಿ, ರಾತ್ರಿ ಒಟ್ಟಿಗೆ ಓದುತ್ತಾ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಕ್ಷತ್ರ ನೋಡುವ ಪ್ಲಾನು. ನಮ್ಮ ಗುಂಪಿನದ್ದೂ ಪಿಯು ದಿನಗಳಲ್ಲಿ ಇದೇ ಪ್ಲಾನು, ಇದೇ ತರಹದ ಬಜೆಟ್ಟು. ಹಾಗಾಗಿ ನೇರವಾಗಿ ಹೇಳುತ್ತೇನೆ: ಟೆಲಿಸ್ಕೋಪ್ ಬೇಡ. ಓದಿನ ನಡುವೆ ನಕ್ಷತ್ರ ನೋಡುವುದೂ ಬೇಡ.

ಈ ದುಡ್ಡಿಗೆ ಅಂಗಡಿಯವರು ತೋರಿಸುವುದು ಬಹುತೇಕ ಒಂದೇ ಜಾತಿಯ ಮಾಲು. ಪೆಟ್ಟಿಗೆ ಮೇಲೆ 114/1000 ಎಂದಿರುತ್ತದೆ. 114 ಮಿ.ಮೀ. ಕನ್ನಡಿ, 1000 ಮಿ.ಮೀ. ನಾಭಿದೂರ. ಕೊಳವೆಗೆ ಟೇಪು ಹಿಡಿದು ನೋಡಿ, ಅರ್ಧ ಮೀಟರ್ ಆಸುಪಾಸು ಇರುತ್ತದೆ. ನ್ಯೂಟನ್ ಮಾದರಿಯಲ್ಲಿ, ಅಂದರೆ ಕನ್ನಡಿಯಿಂದ ಬೆಳಕು ಕೂಡಿಸುವ ಟೆಲಿಸ್ಕೋಪಿನಲ್ಲಿ, ಕೊಳವೆ ಹೆಚ್ಚುಕಡಿಮೆ ನಾಭಿದೂರದಷ್ಟೇ ಉದ್ದ ಇರಬೇಕು. ಉಳಿದ ಅರ್ಧ ಮೀಟರ್ ಎಲ್ಲಿ ಹೋಯಿತು? ಫೋಕಸರ್‌ನ, ಅಂದರೆ ಕಣ್ಣಿಡುವ ಲೆನ್ಸನ್ನು ಹಿಂದೆ ಮುಂದೆ ಸರಿಸುವ ಭಾಗದ, ತಳದಲ್ಲಿ ಒಂದು ಪುಟ್ಟ ಲೆನ್ಸ್ ಕೂರಿಸಿರುತ್ತಾರೆ. ಕನ್ನಡಿಯ ನಾಭಿದೂರ ನಿಜಕ್ಕೂ ಇರುವುದು ಅರ್ಧದಷ್ಟು, ಆ ಲೆನ್ಸ್ ಅದನ್ನು ಇಮ್ಮಡಿ ಮಾಡುತ್ತದೆ. ಬರ್ಡ್-ಜೋನ್ಸ್ ವಿನ್ಯಾಸ ಅಂತ ಇದರ ಹೆಸರು. ಕನ್ನಡಿ ಅಗ್ಗದ ಗೋಳಾಕಾರದ್ದು, ಅದರ ದೋಷವನ್ನೂ ಅದೇ ಲೆನ್ಸ್ ಸರಿಪಡಿಸಬೇಕು ಎಂಬುದು ಲೆಕ್ಕ. ಲೆನ್ಸಿನ ಗುಣಮಟ್ಟ, ಅದು ಕೂತ ಜಾಗ, ಕನ್ನಡಿಯ ಓರೆ ಮೂರೂ ಕರಾರುವಾಕ್ಕಾಗಿದ್ದರೆ ಆಗುವ ಕೆಲಸ ಅದು. ಈ ಬೆಲೆಯಲ್ಲಿ ಮೂರೂ ಕೂಡಿಬರುವುದು ಅಪರೂಪ. ಕನ್ನಡಿಗಳನ್ನು ಸರಿಸಾಲಿಗೆ ತರೋಣವೆಂದು ಲೇಸರ್ ಹಾಕಿದರೆ ನಡುವಿನ ಲೆನ್ಸ್ ಕಿರಣವನ್ನೇ ಹರಡಿಬಿಡುತ್ತದೆ. ಫೋಕಸರ್ ಬಿಚ್ಚಿ, ಲೆನ್ಸ್ ತೆಗೆದು, ಸಾಲು ಮಾಡಿ, ಮತ್ತೆ ಲೆನ್ಸ್ ಹಾಕಬೇಕು. ಹಾಕುವಾಗ ಒಂದಿಷ್ಟು ವಾರೆಯಾದರೂ ಗುರುಗ್ರಹದ ಪಟ್ಟೆಗಳ ಜಾಗದಲ್ಲಿ ಮಸುಕು ಉಂಡೆ ಕಾಣುತ್ತದೆ.

ಪೆಟ್ಟಿಗೆ ಮೇಲಿನ '750 ಪಟ್ಟು' ಕೂಡ ಬರೀ ಗುಣಾಕಾರ. 1000 ಭಾಗಿಸು 4 ಮಿ.ಮೀ. ಐಪೀಸ್ (ಕಣ್ಣಿಡುವ ಲೆನ್ಸ್) ಅಂದರೆ 250, ಅದಕ್ಕೆ ಮೂರು ಪಟ್ಟಿನ ಬಾರ್ಲೋ, ಅಂದರೆ ಬಿಂಬವನ್ನು ಇನ್ನಷ್ಟು ಹಿಗ್ಗಿಸುವ ಲೆನ್ಸು. ಕನ್ನಡಿಯ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಉಪಯೋಗಕ್ಕೆ ಬರುವ ಗರಿಷ್ಠ ಮಿತಿ, 114ಕ್ಕೆ 228. ನಮ್ಮ ಊರಿನ ತಾರಸಿಯಿಂದ ಹಗಲಿನ ಕಾವು ಮೇಲೇಳುತ್ತಿರುವಾಗ ಅಷ್ಟೂ ಸಿಗುವುದಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ನಮಗೆ ಇಡೀ ಚಳಿಗಾಲ ಕಳೆದುಕೊಳ್ಳುವ ಹಾಗೆ ಮಾಡಿದ್ದು ಕೊಳವೆಯ ಕೆಳಗಿದ್ದ ಇಕ್ವಟೋರಿಯಲ್ ಮೌಂಟ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂತರ್ಜಾಲದ ರಿವ್ಯೂಗಳೆಲ್ಲ ಯುರೋಪು, ಅಮೆರಿಕದಲ್ಲಿ ಕೂತು ಬರೆದವು, ಅವರಿಗೆ ಈ ತೊಂದರೆಯೇ ಇಲ್ಲ. ಈ ಮೌಂಟಿನ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರ ಇರಬೇಕು, ಆಗ ಒಂದೇ ಗುಂಡಿ ತಿರುಗಿಸುತ್ತಾ ನಕ್ಷತ್ರದ ಹಿಂದೆ ಹೋಗಬಹುದು. ಅಕ್ಷವನ್ನು ಎಷ್ಟು ಎತ್ತಬೇಕು? ನೀವಿರುವ ಊರಿನ ಅಕ್ಷಾಂಶದಷ್ಟು. ಲಂಡನ್ನಿನಲ್ಲಿ 51 ಡಿಗ್ರಿ, ಬೆಂಗಳೂರಿನಲ್ಲಿ 13. ಹದಿಮೂರು ಡಿಗ್ರಿ ಅಂದರೆ ಅಕ್ಷ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಆಗ ತೂಕದ ಗುಂಡಿರುವ ಸರಳು ತಿರುಗುತ್ತಾ ಬಂದು ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಕಾಲುಗಳನ್ನು ತಿರುಗಿಸಿ ಉತ್ತರಕ್ಕೆ ಎರಡು ಕಾಲುಗಳ ನಡುವಿನ ಸಂದು ಬರುವಂತೆ ಮಾಡಿದರೆ ಬಡಿಯುವುದು ತಪ್ಪೀತು, ಆದರೆ ಭಾರವೆಲ್ಲ ಆ ಸಂದಿನ ಕಡೆಗೇ ವಾಲುವುದರಿಂದ ಇಡೀ ಸ್ಟ್ಯಾಂಡು ಮುಗ್ಗರಿಸಲು ನೋಡುತ್ತದೆ. ಕೆಲವು ಅಗ್ಗದ ಮೌಂಟುಗಳಲ್ಲಿ ಹಿಂಬದಿಯ ತಿರುಪು 13ರವರೆಗೆ ಇಳಿಯುವುದೂ ಇಲ್ಲ.

ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಡಬೇಕಲ್ಲ, ಅದಾದರೂ ಕಾಣಬೇಕು. ತೋಳು ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಎರಡು ಬೆರಳು 3 ಡಿಗ್ರಿ. ಉತ್ತರ ದಿಗಂತದ ಮೇಲೆ ಒಂದು ಮುಷ್ಟಿ, ಎರಡು ಬೆರಳು. ನಮ್ಮ ಊರಿನಲ್ಲಿ ಧ್ರುವ ಇರುವುದು ಅಷ್ಟೇ ಎತ್ತರದಲ್ಲಿ. ನಿಮ್ಮ ತಾರಸಿಯಿಂದ ಆ ಜಾಗದಲ್ಲಿ ಏನಿದೆ ಇವತ್ತೇ ನೋಡಿ. ಪಕ್ಕದ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕು ಇರುತ್ತದೆ ಅಂತ ನನ್ನ ಪಂಥ. ಗುರಿ ತಪ್ಪಿದ ಮೌಂಟು ಸಾದಾ ಸ್ಟ್ಯಾಂಡಿಗಿಂತ ಕಡೆ: ಗುಂಡಿ ತಿರುಗಿಸಿದರೆ ಕೊಳವೆ ಒಂದು ಕಡೆ, ಗ್ರಹ ಇನ್ನೊಂದು ಕಡೆ. ನೂರು ಪಟ್ಟಿನಲ್ಲಿ ಕಾಣುವ ವೃತ್ತ ಅರ್ಧ ಡಿಗ್ರಿ, ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಅಂದರೆ ಎರಡೇ ನಿಮಿಷದಲ್ಲಿ ಗುರು ಅಂಚು ದಾಟಿ ಮಾಯ. ಸಾಲಿನಲ್ಲಿ ನಾಲ್ಕನೆಯವನಾಗಿ ನಿಂತವನಿಗೆ ಬರೀ ಕಪ್ಪು ವೃತ್ತ.

ಮುಂದೆ ಎಂದಾದರೂ ಕೊಳ್ಳುವುದಿದ್ದರೆ 150 ಮಿ.ಮೀ. ಕನ್ನಡಿ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ ಕೊಳ್ಳಿ. ಮರದ ಪೀಠ, ಕೈಯಲ್ಲೇ ತಳ್ಳುವುದು, ಧ್ರುವದ ಗೊಡವೆಯಿಲ್ಲ. 25 ಮಿ.ಮೀ. ಐಪೀಸಿಗೆ 48 ಪಟ್ಟು, 10ಕ್ಕೆ 120. ಅದು ನಿಮ್ಮ 12,000ಕ್ಕೆ ಬರುವುದಿಲ್ಲ, ಪರೀಕ್ಷೆ ಮುಗಿಯುವ ತನಕ ಆ ಯೋಚನೆಯೂ ಬೇಡ.

ಈಗ ಬೇಕಾದದ್ದು 10×50 ಬೈನಾಕ್ಯುಲರ್, ಅಂದರೆ ಹತ್ತು ಪಟ್ಟು, ಮುಂದಿನ ಲೆನ್ಸು 50 ಮಿ.ಮೀ. ಪೊರೊ ಪ್ರಿಸಂನದ್ದು, ಅಂದರೆ ಮುಂದಿನ ಲೆನ್ಸುಗಳು ಕಣ್ಣಿಗಿಂತ ಅಗಲಕ್ಕೆ ಇರುವ ಹಳೇ ಆಕಾರದ್ದು. ಕಡಿಮೆ ಬೆಲೆಯಲ್ಲಿ ನೇರ ಕೊಳವೆಯವಕ್ಕಿಂತ ಇದರ ಬಿಂಬ ಚೆನ್ನ. ಕೆಂಪಗೆ ಮಿಂಚುವ ಲೆನ್ಸು, 10–30 ಅಂತ ಜೂಮ್ ಆಗುವವು ಎರಡನ್ನೂ ಮುಟ್ಟಬೇಡಿ. ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ: ಒಂದಡಿ ದೂರ ಹಿಡಿದು ಐಪೀಸಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ದುಂಡಗಿದ್ದರೆ ಸರಿ, ಅಂಚುಗಳು ಬೂದಾಗಿ ಚೌಕದಂತೆ ಕಂಡರೆ ಒಳಗಿನ ಪ್ರಿಸಂ ಸಾಧಾರಣದ್ದು. ಆಮೇಲೆ ದೂರದ ಬೋರ್ಡೊಂದನ್ನು ಎರಡು ಕಣ್ಣಲ್ಲೂ ನೋಡಿ ನಿಧಾನಕ್ಕೆ ಮುಖದಿಂದ ಸರಿಸಿ. ಅಕ್ಷರ ಎರಡೆರಡಾಗಿ ಒಡೆದರೆ ಎರಡೂ ಕೊಳವೆ ಸಮಾಂತರ ಇಲ್ಲ. ಅರ್ಧ ಗಂಟೆ ನೋಡಿದರೆ ತಲೆನೋವು ಖಚಿತ. ನಡುವಿನ ಕೀಲಿನ ತುದಿಯಲ್ಲಿ ಮುಚ್ಚಳ ತಿರುಗಿಸಿದರೆ ಕಾಲಂಗುಲದ ತಿರುಪು ತೂತು ಇರಬೇಕು. 'ಎಲ್' ಆಕಾರದ ಬ್ರಾಕೆಟ್ ಹಾಕಿ ಕ್ಯಾಮೆರಾ ಟ್ರೈಪಾಡಿಗೆ ಕೂರಿಸುವುದು ಅಲ್ಲಿಂದಲೇ. ಇದನ್ನು ಬಿಟ್ಟರೆ ಬೈನಾಕ್ಯುಲರಿನ ಅರ್ಧ ಶಕ್ತಿ ಕೈನಡುಕಕ್ಕೆ ಹೋಗುತ್ತದೆ.

ಫೋಕಸ್ ಹೀಗೆ: ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಹೊಂದಿಸಿ, ಎಡಗಣ್ಣು ಮುಚ್ಚಿ ಬಲ ಐಪೀಸಿನ ಉಂಗುರ ತಿರುಗಿಸಿ. ಉಂಗುರ ಎಲ್ಲಿ ನಿಂತಿತು ಎಂಬುದನ್ನು ಪ್ರತಿಯೊಬ್ಬರೂ ನೆನಪಿಟ್ಟುಕೊಂಡರೆ ಕೈ ಬದಲಾದಾಗಲೆಲ್ಲ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಸೂರ್ಯನ ಕಡೆ ಯಾವತ್ತೂ ಹಿಡಿಯಬಾರದು, ಅರೆಕ್ಷಣಕ್ಕೂ.

ಇನ್ನು ಓದು. ಓದುತ್ತಾ ನಡುನಡುವೆ ನೋಡುವ ಪ್ಲಾನ್ ಕೆಡುವುದು ಶಿಸ್ತಿನ ಕೊರತೆಯಿಂದಲ್ಲ, ಕಣ್ಣಿನಿಂದ. ಕತ್ತಲಿಗೆ ಕಣ್ಣು ಹೊಂದಲು 20ರಿಂದ 30 ನಿಮಿಷ ಬೇಕು. ಎಲ್‌ಇಡಿ ಬೆಳಕಿನಲ್ಲಿ ಓದಿ ಎದ್ದವರಿಗೆ ಹತ್ತು ನಿಮಿಷದ ವಿರಾಮದಲ್ಲಿ ಕಾಣುವುದು ಬೀದಿಯಲ್ಲಿ ಹೋಗುವವರಿಗೂ ಕಾಣುವ ನಾಲ್ಕು ಚುಕ್ಕೆ. ಕಣ್ಣು ಹೊಂದುವಷ್ಟರಲ್ಲಿ ಮತ್ತೆ ಪುಸ್ತಕ. ಎರಡೂ ಅರ್ಧಂಬರ್ಧ, ನಡುವೆ ಹರಟೆ ಬೇರೆ.

ಬದಲಿಗೆ ಟೈಮ್‌ಟೇಬಲ್ ಬರೆಯುವ ಮೊದಲು ಗೋಡೆಯ ಕ್ಯಾಲೆಂಡರ್ ತೆಗೆದು ತಿಥಿ ನೋಡಿ. ಚಂದ್ರ ತಿಥಿಗೆ ಎರಡು ಘಳಿಗೆ, ಅಂದರೆ 48 ನಿಮಿಷ, ತಡ. ಬಹುಳ ಪಂಚಮಿಗೆ 5×48, ನಾಲ್ಕು ಗಂಟೆ, ಸೂರ್ಯ 6.15ಕ್ಕೆ ಮುಳುಗಿದರೆ ಚಂದ್ರ ಹುಟ್ಟುವುದು 10.15ರ ಹೊತ್ತಿಗೆ. ಶುದ್ಧ ಪಕ್ಷದಲ್ಲಿ ಅದೇ ಲೆಕ್ಕ ಚಂದ್ರ ಮುಳುಗುವ ಹೊತ್ತು ಹೇಳುತ್ತದೆ. ಅರ್ಧ ಗಂಟೆ ಆಚೀಚೆ ಆದೀತು, ಅಷ್ಟು ಸಾಕು. ಬಹುಳ ಪಂಚಮಿಯಿಂದ ಶುದ್ಧ ತದಿಗೆವರೆಗಿನ ಸಂಜೆಗಳು ಕತ್ತಲು, ಅದರಲ್ಲಿ ಸಾಮಾನ್ಯವಾಗಿ ಎರಡು ಶನಿವಾರ ಸಿಗುತ್ತವೆ. ಆ ಎರಡು ಸಂಜೆ ಏಳೂವರೆಯಿಂದ ಹತ್ತರವರೆಗೆ ಪುಸ್ತಕವೇ ಬೇಡ. ಉಳಿದ ದಿನ ನಕ್ಷತ್ರವೇ ಬೇಡ. ಚಂದ್ರನನ್ನೇ ನೋಡುವುದಾದರೆ ಶುದ್ಧ ಸಪ್ತಮಿ, ಅಷ್ಟಮಿ ಆರಿಸಿ. ಬೆಳಕು-ಕತ್ತಲಿನ ಗಡಿಯಲ್ಲಿ ಕುಳಿಗಳ ನೆರಳು ಉದ್ದ ಬಿದ್ದಿರುತ್ತದೆ. ಹುಣ್ಣಿಮೆಯಂದು ನೆರಳಿಲ್ಲದೆ ಎಲ್ಲ ಚಪ್ಪಟೆ. ಇದಕ್ಕೆ ಊರಿನ ದೀಪಗಳ ಅಡ್ಡಿಯೂ ಇಲ್ಲ.

ಜನವರಿ ಮಧ್ಯದಲ್ಲಿ ಎಂಟು ಗಂಟೆಗೆ ಕೃತ್ತಿಕೆ ನಡುನೆತ್ತಿಯ ಹತ್ತಿರ ಇರುತ್ತದೆ. ಬರಿಗಣ್ಣಿಗೆ ಆರು ಚುಕ್ಕೆ, ಬೈನಾಕ್ಯುಲರಿಗೆ ಹಲವು ಹತ್ತು. ಪೂರ್ವಕ್ಕೆ ಮಹಾವ್ಯಾಧ (ಓರಿಯನ್), ಬೆಲ್ಟಿನ ಮೂರು ನಕ್ಷತ್ರದ ಬಲಕ್ಕಿರುವ ಕತ್ತಿಯಲ್ಲಿ ಮಂಜಿನ ಮಚ್ಚೆ, ಅದೇ ನೀಹಾರಿಕೆ. ಫೆಬ್ರವರಿ ಮಧ್ಯದಲ್ಲಿ ಒಂಬತ್ತಕ್ಕೆ ನೇರ ದಕ್ಷಿಣ ನೋಡಿದರೆ ಮೇಲೆ ಲುಬ್ಧಕ, ಕೆಳಗೆ ಎರಡೂವರೆ ಮುಷ್ಟಿ ಎತ್ತರದಲ್ಲಿ ಅಗಸ್ತ್ಯ. ಲಂಡನ್ನಿನವರಿಗೆ ಅಗಸ್ತ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಧ್ರುವ ತಗ್ಗಿದ್ದಕ್ಕೆ ನಮಗೆ ಸಿಕ್ಕ ಪರಿಹಾರ ಇದು. ನಾಲ್ವರಿಗೆ ಒಂದು ಬೈನಾಕ್ಯುಲರ್ ಸಾಕು: ಒಬ್ಬರು ನೋಡುವುದು, ಒಬ್ಬರು ನಕ್ಷೆ, ಒಬ್ಬರು ಟಿಪ್ಪಣಿ, ಒಬ್ಬರು ಬರಿಗಣ್ಣಲ್ಲಿ ಮುಂದಿನದನ್ನು ಹುಡುಕುವುದು, ಐದೈದು ನಿಮಿಷಕ್ಕೆ ಬದಲಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಮೂರು ಪದರ, ಫೋನು ಜೇಬಿನಲ್ಲಿ. ಸ್ಟೆಲ್ಲೇರಿಯಂ ಎಂಬ ಆಕಾಶ ನಕ್ಷೆಯ ಆ್ಯಪ್‌ನಲ್ಲಿ ರಾತ್ರಿಯ ಕೆಂಪು ಪರದೆ ಇದೆ, ಆದರೂ ಮುದ್ರಿಸಿದ ನಕ್ಷೆ ವಾಸಿ. ಫೋನು ತೆಗೆದರೆ ವಾಟ್ಸಾಪ್ ತೆರೆಯದವರನ್ನು ನಾನು ನೋಡಿಲ್ಲ.

ಫೆಬ್ರವರಿ ಕೊನೆಯಿಂದ ಸಂಜೆಗಳನ್ನೂ ಬಿಡಿ. ಆಗ ಬೆಳಗಿನ ಐದು ಗಂಟೆ ಬಳಸಿಕೊಳ್ಳಿ, ಹೇಗೂ ಓದಲು ಏಳುತ್ತೀರಿ. ನಿದ್ದೆಯಲ್ಲಿದ್ದ ಕಣ್ಣು ಆಗಲೇ ಕತ್ತಲಿಗೆ ಹೊಂದಿರುತ್ತದೆ. ಷರತ್ತು ಒಂದೇ, ಬಚ್ಚಲಿನ ಲೈಟ್ ಹಾಕದೆ ನೇರ ತಾರಸಿಗೆ ಹೋಗಬೇಕು. ಹತ್ತು ನಿಮಿಷ ಸಾಕು: ನೆತ್ತಿಯ ಹತ್ತಿರ ಸ್ವಾತಿ, ಆಗ್ನೇಯಕ್ಕೆ ಕೆಂಪಗೆ ಜ್ಯೇಷ್ಠಾ, ಅದರ ಹಿಂದೆಯೇ ಏರುತ್ತಿರುವ ವೃಶ್ಚಿಕದ ಬಾಲ. ಕೆಳಗಿಳಿದು ಲೈಟ್ ಹಾಕಿ ಓದಿ. ಯಾರೂ ಯಾರ ಮನೆಗೂ ಬರಬೇಕಾಗಿಲ್ಲ, ಕಂಡದ್ದನ್ನು ಗುಂಪಿನಲ್ಲಿ ಒಂದು ಸಾಲು ಹಾಕಿದರೆ ಆಯಿತು. ಯಾರು ಎದ್ದಿದ್ದಾರೆ ಎಂಬ ಹಾಜರಿಯೂ ಅದೇ.

ಓದಿಗೂ ಆಕಾಶಕ್ಕೂ ನಿಜಕ್ಕೂ ಸೇರುವ ಒಂದೇ ಕೆಲಸ ಗುರುವಿನ ಉಪಗ್ರಹಗಳ ದಾಖಲೆ, ಎರಡೇ ಸಂಜೆ ಎಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಗುರು ಸಂಜೆ ಕಾಣುವ ತಿಂಗಳುಗಳಲ್ಲಿ ಟ್ರೈಪಾಡಿನ ಮೇಲೆ 10×50 ಇಟ್ಟರೆ ಅಕ್ಕಪಕ್ಕದ ಚುಕ್ಕೆಗಳು ಕಾಣುತ್ತವೆ. ದಿನಾ ಒಂದೇ ಹೊತ್ತಿಗೆ ಐದು ನಿಮಿಷ, ಒಂದು ಗೆರೆ ಎಳೆದು ಚುಕ್ಕೆ ಇಡುವುದು, ಮೂರು ವಾರ. ಅಯೋ ಎಂಬ ಉಪಗ್ರಹ ಗುರುವಿಗೆ ತೀರಾ ಅಂಟಿಕೊಂಡಿರುತ್ತದೆ, ಬಿಟ್ಟುಬಿಡಿ. ಕ್ಯಾಲಿಸ್ಟೋ ಒಂದು ಕಡೆ ದೂರ ಹೋಗಿ, ಇನ್ನೊಂದು ಕಡೆ ದಾಟಿ ಮರಳಲು 16.7 ದಿನ, ಗ್ಯಾನಿಮೀಡ್‌ಗೆ 7.15. ಎರಡರ ಅನುಪಾತ 2.33. ಅವುಗಳ ಕಕ್ಷೆಯ ದೂರದ ಅನುಪಾತ 1.76, ಅದರ ಘನದ ವರ್ಗಮೂಲ ತೆಗೆದರೆ ಅದೇ 2.33 ಬರುತ್ತದೆ. ಕೆಪ್ಲರನ ಮೂರನೇ ನಿಯಮ ಆಮೇಲೆ ಉರುಹೊಡೆಯಬೇಕಾಗಿಲ್ಲ.

ಪರೀಕ್ಷೆ ಮುಗಿದ ಮೇಲೆ, ಮೇ ಮಧ್ಯದಲ್ಲಿ ಮೋಡ ಬಿಟ್ಟರೆ, ನಿಮ್ಮಲ್ಲಿ ಯಾರದ್ದಾದರೂ ಅಜ್ಜಿ ಮನೆ ಹಳ್ಳಿಯಲ್ಲಿದ್ದರೆ ಅಲ್ಲಿಗೆ ಹೋಗಿ. ನಂದಿ ಬೆಟ್ಟ ಅಂತ ಹೊರಡಬೇಡಿ, ರಾತ್ರಿ ಗೇಟು ಮುಚ್ಚಿರುತ್ತದೆ. ಒಂಬತ್ತಕ್ಕೆ ದಕ್ಷಿಣದಲ್ಲಿ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಹತ್ತಕ್ಕೆ ಅದರ ಎಡಕ್ಕೆ, ಮೂರು ಮುಷ್ಟಿ ಎತ್ತರದಲ್ಲಿ ಒಮೆಗಾ ಸೆಂಟಾರಿ, ಬೈನಾಕ್ಯುಲರಿನಲ್ಲಿ ಉಜ್ಜಿದ ಸೀಮೆಸುಣ್ಣದ ಗುರುತಿನಂತೆ ಕಾಣುವ ಲಕ್ಷಾಂತರ ನಕ್ಷತ್ರಗಳ ಗುಚ್ಛ.

ಕೊನೆಗೆ ದುಡ್ಡಿನ ಮಾತು. ಒಟ್ಟುಗೂಡಿಸಿ ಒಂದೇ ವಸ್ತು ಕೊಳ್ಳಬೇಡಿ. ಜೂನ್ ಹೊತ್ತಿಗೆ ಒಬ್ಬರು ಮಂಗಳೂರು, ಒಬ್ಬರು ಹುಬ್ಬಳ್ಳಿ ಕಾಲೇಜು ಸೇರುತ್ತೀರಿ. ಕಾಲು ಪಾಲು ಬೈನಾಕ್ಯುಲರನ್ನು ಯಾರೂ ಕೊಂಡೊಯ್ಯಲಾಗದು. ಹೆಚ್ಚು ಆಸಕ್ತಿ ಇರುವವರು ಬೈನಾಕ್ಯುಲರ್ ಕೊಳ್ಳಲಿ, ಇನ್ನೊಬ್ಬರು ಟ್ರೈಪಾಡು, ಬ್ರಾಕೆಟ್ಟು, ಮತ್ತೊಬ್ಬರು ನಕ್ಷೆ, ಟಾರ್ಚು. ನಾಲ್ಕನೆಯವರು ಗಾಳಿಯಾಡದ ಡಬ್ಬ ಮತ್ತು ಸಿಲಿಕಾ ಜೆಲ್. ಇದು ಚಿಲ್ಲರೆ ಪಾಲಲ್ಲ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲೇ ಇಟ್ಟ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಗಾಜಿನ ಲೇಪ ತಿಂದರೆ ಒರೆಸಿದರೂ ಹೋಗುವುದಿಲ್ಲ. ನೋಡಿ ಬಂದ ರಾತ್ರಿ ಇಬ್ಬನಿ ಕೂತಿದ್ದರೆ ಒರೆಸದೆ, ಮುಚ್ಚಳ ತೆಗೆದು ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ಡಬ್ಬಕ್ಕೆ ಹಾಕಿ. ಜೆಲ್ಲಿನ ಹರಳು ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಆದರೆ ಅಡುಗೆಯ ಬಾಣಲೆ ಬೇಡ.