ಹಳೆ ಕುಕ್ಕರ್‌ನಲ್ಲಿ ಉಗಿ ಎಂಜಿನ್ ಓಡಿಸಬಹುದಾ?

ಯಾದಗಿರಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ, ಮನೆಯಲ್ಲೇ ಒಂದು ಪುಟ್ಟ ಉಗಿ ಎಂಜಿನ್ ಮಾಡುವ ಆಸೆ, ಐದು ಲೀಟರಿನ ಹಳೆ ಕುಕ್ಕರ್ ಇದೆ, ಅದನ್ನೇ ಬಾಯ್ಲರ್ ಮಾಡಿಕೊಳ್ಳಬಹುದಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಕುಕ್ಕರ್ ಬೇಡ. ಅದನ್ನು ಅಮ್ಮನಿಗೆ ವಾಪಸ್ ಕೊಟ್ಟುಬಿಡಿ, ಬೇಳೆ ಬೇಯಲಿ.

ಯಾಕೆ ಅಂತ ಹೇಳುತ್ತೇನೆ. ಕುಕ್ಕರಿನ ಸೀಟಿಯ ತೂಕ ಒಳಗಿನ ಒತ್ತಡವನ್ನು ಸುಮಾರು 15 ಪಿಎಸ್ಐಗೆ (ಅಂದರೆ ಒಂದು ಚದರ ಇಂಚಿಗೆ 15 ಪೌಂಡ್ ತಳ್ಳು) ಹಿಡಿದಿಡುತ್ತದೆ. ಆಗ ಒಳಗಿನ ನೀರು ಸುಮಾರು 120 ಡಿಗ್ರಿ. ಸೀಟಿಯ ನಳಿಗೆ ಕಟ್ಟಿಕೊಂಡರೆ ಮುಚ್ಚಳದಲ್ಲಿರುವ ಸಣ್ಣ ಸೇಫ್ಟಿ ವಾಲ್ವ್ ಕರಗಿ ಉಗಿ ಹೊರಗೆ ಬಿಡುತ್ತದೆ. ಅಡುಗೆಗೆ ಇಷ್ಟು ಸಾಕು. ಆದರೆ ಎಂಜಿನ್‌ಗೆ ಉಗಿ ಎಲ್ಲಿಂದ ತೆಗೆಯುತ್ತೀರಿ? ವಿಡಿಯೋಗಳಲ್ಲಿ ಸೀಟಿ ಕಿತ್ತು ಆ ನಳಿಗೆಗೇ ಪೈಪ್ ಸಿಕ್ಕಿಸುತ್ತಾರೆ. ಎಂಜಿನ್ ಒಂದು ಸಲ ಸಿಕ್ಕಿಕೊಂಡು ನಿಂತಿತು ಅಂದರೆ ಉಗಿಗೆ ದಾರಿಯೇ ಇಲ್ಲ. ಉಳಿದದ್ದು ಆ ಕರಗುವ ವಾಲ್ವ್ ಒಂದೇ, ಅದೂ ಹಳೆ ಕುಕ್ಕರಿನದು, ಎಷ್ಟು ವರ್ಷ ಆಯಿತೋ ಯಾರಿಗೆ ಗೊತ್ತು.

ಇನ್ನೊಂದು ಲೆಕ್ಕ ಮಾಡಿ. 120 ಡಿಗ್ರಿಯ ಮೂರು ಲೀಟರ್ ನೀರು ಇದೆ, ಮುಚ್ಚಳ ಫಟ್ ಅಂತ ಹಾರಿತು ಅಂದುಕೊಳ್ಳಿ. ಒತ್ತಡ ಹೋದ ತಕ್ಷಣ ಆ ನೀರು 100 ಡಿಗ್ರಿಗೆ ಇಳಿಯಬೇಕು. ಹೆಚ್ಚಾದ ಶಾಖವೆಲ್ಲ ಸುಮಾರು 100 ಗ್ರಾಂ ನೀರನ್ನು ಒಂದೇ ಏಟಿಗೆ ಉಗಿ ಮಾಡುತ್ತದೆ. ಉಗಿ ನೀರಿಗಿಂತ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ. ಅಂದರೆ 170 ಲೀಟರ್, ಹೆಚ್ಚುಕಡಿಮೆ ಒಂದು ನೀರಿನ ಡ್ರಮ್‌ನಷ್ಟು ಉಗಿ, ನಿಮ್ಮ ಮುಖದ ಮುಂದೆ, ಕಣ್ಣು ಮುಚ್ಚುವಷ್ಟರಲ್ಲಿ. ಜೊತೆಗೆ ಕುದಿಯುವ ನೀರೂ ಚಿಮ್ಮುತ್ತದೆ. ಪಾತ್ರೆ ದೊಡ್ಡದಾದಷ್ಟೂ ಅಪಾಯ ಜಾಸ್ತಿ ಆಗುವುದು ಇದಕ್ಕೇ. ಕೆಟ್ಟದ್ದೆಲ್ಲ ಇರುವುದು ಬಿಸಿ ನೀರಿನಲ್ಲಿ.

ಈಗ ಎಲ್ಲಿಂದ ಶುರು ಅನ್ನುವುದಕ್ಕೆ ಬರೋಣ. ನನ್ನ ಮಾತು ಕೇಳುವುದಾದರೆ ಎಂಜಿನ್ ಮೊದಲು ಮಾಡಿ, ಬಾಯ್ಲರನ್ನು ಒಂದು ವರ್ಷ ಮರೆತುಬಿಡಿ. ಎಂಜಿನ್‌ಗೆ ಉಗಿಯೇ ಬೇಕು ಅಂತೇನಿಲ್ಲ, ಗಾಳಿಯಲ್ಲೂ ಓಡುತ್ತದೆ. ನಾನು ಕಲಬುರಗಿಯವನು, ಲೇಥ್ ಕೆಲಸದವನಲ್ಲ, ಕುರ್ಚಿ ಮೇಲೆ ಕೂತು ಲೆಕ್ಕ ಬರೆಯುವವನು. ನಾನು ಮಾಡಿದ್ದೀನಿ ಅಂದಮೇಲೆ ನೀವು ಮಾಡಬಹುದು.

ಎಲ್ಲಕ್ಕಿಂತ ಸುಲಭದ್ದು ಸಿಲಿಂಡರ್ ತೂಗಾಡುವ ಎಂಜಿನ್. ಇದರಲ್ಲಿ ಬೇರೆ ವಾಲ್ವ್ ಇರುವುದಿಲ್ಲ. ಸಿಲಿಂಡರೇ ಒಂದು ಪಿನ್ ಮೇಲೆ ತೊಟ್ಟಿಲಿನ ಹಾಗೆ ಆಚೀಚೆ ತೂಗುತ್ತದೆ. ಅದರ ಮಗ್ಗುಲಲ್ಲಿ ಒಂದು ತೂತು, ಅದು ಒರಗಿರುವ ಹಿತ್ತಾಳೆ ಪಟ್ಟಿಯಲ್ಲಿ ಎರಡು ತೂತು. ಒಂದು ಕಡೆ ತೂಗಿದಾಗ ಗಾಳಿ ಒಳಗೆ ಬಂದು ಪಿಸ್ಟನ್ನನ್ನು (ಸಿಲಿಂಡರಿನೊಳಗೆ ಜಾರುವ ತುಂಡು) ತಳ್ಳುತ್ತದೆ, ಇನ್ನೊಂದು ಕಡೆ ತೂಗಿದಾಗ ಹೊರಗೆ. ಹಿಂದಿರುವ ಸ್ಪ್ರಿಂಗ್ ಎರಡೂ ಮುಖಗಳನ್ನು ಅಂಟಿಸಿ ಹಿಡಿಯುತ್ತದೆ. ಒತ್ತಡ ಜಾಸ್ತಿ ಆದರೆ ಸಿಲಿಂಡರ್ ತಾನೇ ಪಟ್ಟಿಯಿಂದ ಎದ್ದು ಪುಸ್ ಅನ್ನುತ್ತದೆ, ಅದೂ ಒಂದು ಅನುಕೂಲ.

ಸಾಮಾನು ನಾನು ತಂದದ್ದು ಗುಜರಿಯಿಂದ, ನಮ್ಮ ಕಡೆ ಭಂಗಾರ್ ಅಂಗಡಿ ಅಂತೀವಲ್ಲ, ಅಲ್ಲಿಂದ. 20 ಮಿಮೀ ಹಿತ್ತಾಳೆ ರಾಡಿನ ತುಂಡು, ಆರು ಮಿಮೀ ದಪ್ಪದ ಪಟ್ಟಿ, ಹಳೆ ಪ್ರಿಂಟರಿನಿಂದ ಕಿತ್ತ ಸ್ಟೀಲ್ ಕಡ್ಡಿ. ಸಿಲಿಂಡರಿನಲ್ಲಿ ಪಿಸ್ಟನ್ ಓಡುವ ತೂತು 10 ಮಿಮೀ. ಅದನ್ನು ಮತ್ತು ಫ್ಲೈವೀಲನ್ನು (ಎಂಜಿನ್ ತಿರುಗಿಸುವ ಭಾರದ ಚಕ್ರ) ಲೇಥ್ ಅಂಗಡಿಯಲ್ಲಿ ಮಾಡಿಸಿಕೊಂಡೆ. ಉಳಿದದ್ದು ಅರ, ಡ್ರಿಲ್, ತಾಳ್ಮೆ. ಕೂಡುವ ಮುಖಗಳನ್ನು ಕಿಟಕಿ ಗಾಜಿನ ಮೇಲೆ 1,000 ನಂಬರಿನ ಎಮರಿ ಪೇಪರ್ ಹಾಸಿ, ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಬೇಕು. ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬರುವ ತನಕ ಉಜ್ಜಿ. ಬೇಜಾರಿನ ಕೆಲಸ, ಆದರೆ ಇಲ್ಲಿ ಕೈ ಬಿಟ್ಟರೆ ಎಂಜಿನ್ ಬರೀ ಉಸಿರು ಬಿಡುತ್ತದೆ, ತಿರುಗುವುದಿಲ್ಲ.

ನನ್ನ ಮೊದಲನೆಯದು ತಿರುಗಲಿಲ್ಲ. ಪಟ್ಟಿಯ ಎರಡು ತೂತುಗಳನ್ನು ತೀರಾ ಹತ್ತಿರ ಕೊರೆದಿದ್ದೆ. ಸಿಲಿಂಡರ್ ನೆಟ್ಟಗೆ ನಿಂತಾಗ ಅದರ ತೂತು ಆ ಎರಡರ ನಡುವೆ ಇರಬೇಕು, ಯಾವುದಕ್ಕೂ ತಾಗಬಾರದು. ನನ್ನದರಲ್ಲಿ ಎರಡಕ್ಕೂ ತಾಗುತ್ತಿತ್ತು, ಗಾಳಿ ಈ ಕಡೆ ಬಂದು ಆ ಕಡೆ ಹೋಗುತ್ತಿತ್ತು, ಪಿಸ್ಟನ್ ಸುಮ್ನೆ ಕೂತಿತ್ತು. ಅದಕ್ಕೇ ಹೇಳುವುದು, ಹಿತ್ತಾಳೆ ಮುಟ್ಟುವ ಮೊದಲು ರಟ್ಟು ಕತ್ತರಿಸಿ, ಗುಂಡುಪಿನ್ನು ಚುಚ್ಚಿ, ತೂಗಾಡಿಸಿ ನೋಡಿ. ರಟ್ಟಿಗೆ ದುಡ್ಡಿಲ್ಲ.

ಗಾಳಿ ಎಲ್ಲಿಂದ? ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಎಂಜಿನ್ ತಯಾರಾದ ಖುಷಿಯಲ್ಲಿ ಸೀದಾ ಒಂದು ಪಂಕ್ಚರ್ ಅಂಗಡಿಗೆ ಹೋಗಿ ಕಂಪ್ರೆಸರಿನ ಪೈಪ್ ಸಿಕ್ಕಿಸಿದೆ. ಲಾರಿ ಟೈರಿಗೆ ಹಾಕುವ ಗಾಳಿ, 100 ಪಿಎಸ್ಐ ಮೇಲೆ. ಎಂಜಿನ್‌ಗೆ ಬೇಕಾದದ್ದು ಐದರಿಂದ ಹತ್ತು. ಪೈಪ್ ಕಿತ್ತುಕೊಂಡು ಹಾವಿನ ಹಾಗೆ ಹೊಡೆದಾಡಿ ನನ್ನ ಕೆನ್ನೆಗೆ ಬಾರಿಸಿತು. ಚಷ್ಮಾ ಇದ್ದದ್ದಕ್ಕೆ ಕಣ್ಣು ಉಳಿಯಿತು. ಪಿಸ್ಟನ್ ಹಾರಿ ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ಆಮೇಲೆ ಬುದ್ಧಿ ಬಂದು ಸ್ಕೂಟರಿನ ಸ್ಟೆಪ್ನಿ ಚಕ್ರದಲ್ಲಿ 20 ಪಿಎಸ್ಐ ಗಾಳಿ ತುಂಬಿಸಿ ತಂದೆ. ನಡುವೆ ಒಂದು ಸಣ್ಣ ಹಿತ್ತಾಳೆ ಕಾಕ್ (ನಲ್ಲಿ) ಹಾಕಿ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ. ಫ್ಲೈವೀಲಿಗೆ ಬೆರಳಿನಿಂದ ಒಂದು ತಳ್ಳು ಕೊಡಬೇಕು, ಈ ಜಾತಿಯ ಎಂಜಿನ್ ತಾನಾಗಿ ಶುರುವಾಗುವುದಿಲ್ಲ. ಟಕಟಕ ಅಂತ ಓಡಿದಾಗ ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ.

ಉಗಿಯನ್ನೇ ನೋಡಬೇಕು ಅನ್ನುವ ಚಪಲ ತಡೆಯದಿದ್ದರೆ ಶರಣಬಸವೇಶ್ವರರ ಜಾತ್ರೆಗೆ ಬನ್ನಿ, ಆಟಿಕೆ ಅಂಗಡಿಗಳಲ್ಲಿ ತಗಡಿನ ಪುಟ್‌ಪುಟ್ ದೋಣಿ ಕೇಳಿ. ಬತ್ತಿ ಹಚ್ಚಿ ಬಾನಿಯ ನೀರಿನಲ್ಲಿ ಬಿಟ್ಟರೆ ಉಗಿಯಿಂದಲೇ ಓಡುತ್ತದೆ. ಅದರ ಕೊಳವೆಗಳ ಬಾಯಿ ಸದಾ ತೆರೆದಿರುವುದರಿಂದ ಒತ್ತಡ ಕಟ್ಟಿಕೊಳ್ಳುವುದೇ ಇಲ್ಲ. ನಗಬೇಡಿ, ಅದರಿಂದ ಕಲಿಯುವುದು ಭಾಳ ಇದೆ.

ಇನ್ನು ಬಾಯ್ಲರ್. ಮೊದಲನೆಯದನ್ನು ಕೊಂಡುಕೊಳ್ಳಿ. ಇಂಗ್ಲೆಂಡಿನ ಮಾಮೋಡ್, ಜರ್ಮನಿಯ ವಿಲೆಸ್ಕೊದಂಥವರು ಪೂರ್ತಿ ಆಟಿಕೆ ಎಂಜಿನ್ನೇ ಮಾರುತ್ತಾರೆ. ಬಾಯ್ಲರಿಗೆ ಸ್ಪ್ರಿಂಗ್ ಸೇಫ್ಟಿ ವಾಲ್ವ್ ಕೂಡಿಸಿಯೇ ಬರುತ್ತದೆ. ಹೊರದೇಶದಿಂದ ತರಿಸಿದರೆ ದುಬಾರಿ, ನಿಜ. ಆದರೆ ಆಸ್ಪತ್ರೆ ಬಿಲ್ ಅದಕ್ಕಿಂತ ದುಬಾರಿ.

ನಮ್ಮ ದೇಶದ ಬಾಯ್ಲರ್ ಕಾನೂನು 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆಗಳನ್ನು ಹೊರಗಿಟ್ಟಿದೆ. ಅಂದರೆ ನಿಮ್ಮ ಪುಟ್ಟ ಬಾಯ್ಲರ್ ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಒಳ್ಳೇದಾಯ್ತು ಅಂದುಕೊಳ್ಳಬೇಡಿ, ಆ ಕೆಲಸವೂ ನಿಮ್ಮ ತಲೆಗೇ ಬಂತು.

ಶಹಾಬಾದಿನ ಬಾಯ್ಲರ್ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದ ಒಬ್ಬರು ನಮ್ಮ ಗಲ್ಲಿಯಲ್ಲಿದ್ದಾರೆ, ನಾವೆಲ್ಲ ಕಾಕಾ ಅಂತೀವಿ. ನಾನೇ ಮಾಡಿದ ಬಾಯ್ಲರ್ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ತಮ್ಮಾ, ಮುಚ್ಚಳ ಯಾತರಿಂದ ಕೂಡಿಸಿದ್ದಿ?" ರೇಡಿಯೋ ರಿಪೇರಿಯ ಸೀಸದ ಸೋಲ್ಡರ್ ಅಂದೆ. ಎದ್ದು ಹೋದರು. ಆ ಸೋಲ್ಡರ್ ಸುಮಾರು 183 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಬಲ ಕಳೆದುಕೊಳ್ಳುತ್ತದೆ. ನೀರು ಒಣಗಿತು ಅಂದರೆ ಬೆಂಕಿ ಸೀದಾ ಬೆಸುಗೆಗೆ ತಾಗುತ್ತದೆ. 50 ಮಿಮೀ ಅಗಲದ ಬಾಯ್ಲರಿನ ಮುಚ್ಚಳವನ್ನು ಎರಡು ಬಾರ್ (ಸುಮಾರು 29 ಪಿಎಸ್ಐ) ಒತ್ತಡ ಹೊರಗೆ ತಳ್ಳುವ ಬಲ ಎಷ್ಟು ಗೊತ್ತಾ? 40 ಕಿಲೋ. ದೊಡ್ಡ ಚೀಲ ತೊಗರಿಯ ಭಾರ. ಕೊಳವೆ ತಡೆಯುತ್ತದೆ, ಸೋಲುವುದು ಚಪ್ಪಟೆ ಮುಚ್ಚಳ ಮತ್ತು ಬೆಸುಗೆ.

ಆದ್ದರಿಂದ ಮುಂದೊಂದು ದಿನ ಮಾಡುವುದಾದರೆ ಗಟ್ಟಿ ತಾಮ್ರದ ಕೊಳವೆ, 600 ಡಿಗ್ರಿ ಮೇಲೆ ಕರಗುವ ಸಿಲ್ವರ್ ಬ್ರೇಜಿಂಗ್ (ಬೆಳ್ಳಿ ಬೆರೆತ ಕಡ್ಡಿಯ ಬೆಸುಗೆ), ಅದೂ ಅನುಭವ ಇದ್ದವರ ಕೈಯಿಂದ. ಬ್ರೇಜಿಂಗ್ ಕಡ್ಡಿ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ, ಅದರ ಹೊಗೆ ವಿಷ. ಜಿಂಕ್ ಬಳಿದ ಜಿಐ ಪೈಪನ್ನೂ ಕಾಯಿಸಬೇಡಿ. ಬೀದರಿನ ಕಡೆಯ ಗೆಳೆಯನೊಬ್ಬ ಬಿದ್ರಿ ಲೋಹದಲ್ಲಿ ಬಾಯ್ಲರ್ ಎರಕ ಹೊಯ್ಯಿಸುತ್ತೇನೆ ಅಂತ ಹೊರಟಿದ್ದ. ಅದರಲ್ಲಿ ಇರುವುದು ಬಹುಪಾಲು ಸತುವೇ, ಬೆಂಕಿಯ ಮೇಲಿಡುವ ಲೋಹ ಅಲ್ಲ. ಫ್ಲೈವೀಲ್ ಮಾಡಿಸು, ಚಂದ ಕಾಣುತ್ತದೆ ಅಂದೆ.

ಬ್ರೇಜಿಂಗನ್ನು ಶಹಾಬಾದಿ ಪರಸಿ ಮೇಲೆ ಮಾಡಬೇಡಿ. ಮನೆತುಂಬ ಅದೇ ಹಾಸಿದೆ ಅಂತ ನಾನು ಮಾಡಿದೆ, ಸುಣ್ಣದ ಕಲ್ಲು, ಉರಿ ತಾಗಿದ ಕಡೆ ಚಟ್ ಅಂತ ಸಿಡಿದು ಚೂರು ಹಾರಿತು. ಬೆಂಕಿ ಇಟ್ಟಿಗೆ ಇಟ್ಟುಕೊಳ್ಳಿ.

ಮಾಡಿದ ಬಾಯ್ಲರಿಗೆ ಬೆಂಕಿ ಹಚ್ಚುವ ಮೊದಲು ನೀರಿನ ಪರೀಕ್ಷೆ. ಇದನ್ನು ಕಾಕಾ ಕೂತು ಮಾಡಿಸಿದರು (ಎದ್ದು ಹೋದವರು ವಾರ ಬಿಟ್ಟು ತಾವೇ ಬಂದರು). ತಣ್ಣೀರು ಕಂಠಮಟ್ಟ ತುಂಬಿ, ಒಂದು ಗುಳ್ಳೆ ಗಾಳಿಯೂ ಇರದಂತೆ ಅಲುಗಾಡಿಸಿ, ಕೈಪಂಪಿನಿಂದ ಒತ್ತಡ ಏರಿಸುವುದು. ಎರಡು ಬಾರ್‌ಗೆ ಓಡಿಸುವುದಾದರೆ ನಾಲ್ಕು ಬಾರ್. ಹತ್ತು ಇಪ್ಪತ್ತು ನಿಮಿಷ ಒತ್ತಡದ ಮೀಟರಿನ ಮುಳ್ಳು ಕದಲಬಾರದು. ನೀರು ಗಾಳಿಯ ಹಾಗೆ ಅದುಮಿಕೊಳ್ಳುವುದಿಲ್ಲ, ಹಾಗಾಗಿ ಬೆಸುಗೆ ಬಿಟ್ಟರೂ ಪಿಚಕ್ ಅಂತ ಸ್ವಲ್ಪ ನೀರು ಬಂದು ಒತ್ತಡ ಇಳಿದುಹೋಗುತ್ತದೆ. ಈ ಪರೀಕ್ಷೆಯನ್ನು ಗಾಳಿ ತುಂಬಿ ಮಾಡಿದರೆ ಅದು ಬಾಂಬು. ಆಮೇಲೆ ಸೇಫ್ಟಿ ವಾಲ್ವಿನ ಪರೀಕ್ಷೆ: ಎಂಜಿನ್ ನಿಲ್ಲಿಸಿ, ಉರಿ ಪೂರ್ತಿ ಇಟ್ಟು, ದೂರ ನಿಂತು ನೋಡಿ. ವಾಲ್ವ್ ತೆರೆದ ಮೇಲೆ ಒತ್ತಡ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಏರಬಾರದು. ಏರಿದರೆ ವಾಲ್ವ್ ಸಣ್ಣದು, ಉರಿ ಆರಿಸಿ.

ನಮ್ಮ ಕಡೆಯ ಬೋರ್‌ವೆಲ್ ಸವಳು ನೀರು ಹಾಕಬೇಡಿ, ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಮಳೆ ನೀರು ಅಥವಾ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಆಸಿಡ್ ಬಾಟಲಿ ಪಕ್ಕದಲ್ಲೇ ಇರುತ್ತದೆ, ಲೇಬಲ್ ನೋಡಿ. ಸ್ಪಿರಿಟ್ ದೀಪ ಹಚ್ಚುವುದಾದರೆ ನೆನಪಿಡಿ, ಅದರ ಉರಿ ಬಿಸಿಲಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಂತೂ ಆರಿದೆ ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿದರೆ ಬಾಟಲಿಗೇ ಹತ್ತಿಕೊಳ್ಳುತ್ತದೆ. ಬೆಳಗಿನ ಹೊತ್ತು, ಗಾಳಿ ಇಲ್ಲದ ಕಡೆ, ಪಕ್ಕದಲ್ಲಿ ಒದ್ದೆ ಗೋಣಿಚೀಲ ಇಟ್ಟುಕೊಂಡು ಮಾಡಿ. ಮಕ್ಕಳು ಮೇಜಿನ ಆಚೆ.

ನೀರು ಮುಗಿಯುವ ಮೊದಲು ಉರಿ ಮುಗಿಯಬೇಕು. ಇದಕ್ಕೆ ಸುಲಭ ಉಪಾಯ ಇದೆ: ಬಾಯ್ಲರಿಗೆ ಅಳೆದು ನೀರು ಹಾಕಿ, ಅದರಲ್ಲಿ ಅರ್ಧ ಆವಿಯಾಗುವಷ್ಟೇ ಸ್ಪಿರಿಟನ್ನು ದೀಪಕ್ಕೆ ಹಾಕಿ, ಎರಡು ಮೂರು ಸಲ ಓಡಿಸಿದರೆ ಲೆಕ್ಕ ಸಿಗುತ್ತದೆ. ಉರಿ ಆರಿದ ಕೂಡಲೇ ನೀರು ಹಾಕುವ ಬಾಯಿಯ ಮುಚ್ಚಳ ತಿರುಗಿಸಲು ಹೋಗಬೇಡಿ. ಮುಳ್ಳು ಸೊನ್ನೆಗೆ ಬಂದು, ಬಾಯ್ಲರ್ ಕೈಗೆ ತಣ್ಣಗೆ ಹತ್ತಿದ ಮೇಲೆ ತೆಗೆಯಿರಿ.

ರಟ್ಟಿನ ಮಾದರಿ ಮಾಡಿ ಮೂರೂ ತೂತುಗಳ ಅಳತೆ ಇಲ್ಲಿ ಹಾಕಿ, ಹಿತ್ತಾಳೆ ಕೊರೆಯುವ ಮೊದಲು ನಾನೊಮ್ಮೆ ನೋಡುತ್ತೇನೆ.